ಪೂರ್ತಿ ಶುಲ್ಕ

“ಕಡಿಮೆ ಮಾಡಿದೀರಲ್ಲ ಶುಲ್ಕ, ಅದನ್ನ ಮೊದಲಿನ ಹಾಗೇ ಮಾಡಿ” ಎಂದಳು ಮಾಲ್ಜಾ. ಈಜುಕೊಳದ ಕೌಂಟರಿನ ಪ್ಲಾಸ್ಟಿಕ್ ಪರದೆಯ ಆಚೆ ಕೂತಿದ್ದ ಹೇರಿಮ್, ಮಾಸ್ಕಿನೊಳಗಿನ ಮಾತು ತಪ್ಪಾಗಿ ಕೇಳಿಸಿರಬೇಕೆಂದು ಕಿವಿಯನ್ನು ಪರದೆಯ ಹತ್ತಿರ ತಂದಳು. ಮಾಲ್ಜಾ ಅದನ್ನೇ ಇನ್ನೊಂದು ಸಲ ಗಟ್ಟಿಯಾಗಿ ಹೇಳಿದಳು. ಹಿಂದೆ ನಿಂತಿದ್ದವರೂ ಕತ್ತೆತ್ತಿ ನೋಡಿದರು.

ಹೋದ ತಿಂಗಳು ಇದೇ ಕೌಂಟರಿನ ಮುಂದೆ ಬೆಳಗಿನ ಈಜು ತರಗತಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದು ಗಲಾಟೆ ಮಾಡಿದವಳು ಅವಳೇ. ಕೊರೊನಾ ಅಂತ ಸ್ನಾನದ ಮನೆಗೆ ಬೀಗ ಹಾಕಿದ್ದೀರಿ, ನಾವು ಮನೆಯಲ್ಲೇ ಮಿಂದು ಒದ್ದೆ ತಲೆಯಲ್ಲಿ ಈ ಚಳಿಗೆ ಬರುತ್ತೇವೆ, ಇದಕ್ಕೂ ಪೂರ್ತಿ ಶುಲ್ಕವೇ ಎಂದು ಕೇಳಿದ್ದಳು. ಇಲ್ಲಿ ಆಗದೆ ಹೋದಾಗ ನಗರಸಭೆಯವರೆಗೂ ಹೋಗಿ ಕೂತಿದ್ದಳು. ಕೊನೆಗೆ ಶುಲ್ಕ ಅರ್ಧಕ್ಕೆ ಇಳಿಯಿತು. ಆ ದಿನ ಗೆಳತಿಯರೆಲ್ಲ ಸೇರಿ ಅವಳಿಗೆ ಬಿಸಿ ನೂಡಲ್ಸ್ ಕೊಡಿಸಿದ್ದರು.

ನಿನ್ನೆ ತರಗತಿ ಮುಗಿದ ಮೇಲೆ ಈಜು ಕಲಿಸುವ ಗ್ವಾನ್‌ಸು ಮೇಷ್ಟ್ರು, ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದಿದ್ದರು. ಪಾರ್ಸೆಲ್ ಗಾಡಿ ಓಡಿಸುತ್ತಾರಂತೆ. ಯಾಕೆಂದು ಮಾಲ್ಜಾ ಪಟ್ಟು ಹಿಡಿದು ಕೇಳಿದಾಗ ಸಂಗತಿ ಹೊರಗೆ ಬಿತ್ತು. ಅವರಿಗೆ ಸಂಬಳವೇ ಇರಲಿಲ್ಲ. ತರಗತಿಯ ಶುಲ್ಕದಲ್ಲಿ ಪಾಲು, ಅಷ್ಟೇ. ಕೊಳ ಮುಚ್ಚಿದ್ದ ತಿಂಗಳುಗಳಲ್ಲಿ ಬಿಡಿಗಾಸು ಬಂದಿರಲಿಲ್ಲ. ಈಗ ಜನವೂ ಅರ್ಧ, ಶುಲ್ಕವೂ ಅರ್ಧ. ಅವರು ಅದನ್ನು ಯಾರ ಮೇಲೂ ಹೊರಿಸದೆ, ಈಜು ಕಲಿಯುವವರು ಹಿಡಿದುಕೊಳ್ಳುವ ಕಿಕ್‌ಬೋರ್ಡುಗಳನ್ನು ಜೋಡಿಸುತ್ತ ಸುಮ್ಮನೆ ಹೇಳಿದ್ದರು. ಅದೇ ಅವಳನ್ನು ಚುಚ್ಚಿತ್ತು. ಮೊಣಕಾಲಿನ ಆಪರೇಷನ್ ಆದ ಮೇಲೆ ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತಿದ್ದವಳನ್ನು ಕೈಹಿಡಿದು ನೀರಿನಲ್ಲಿ ನಡೆಸಿದವರು ಅವರು. ಲಕೋಟೆಯಲ್ಲಿ ಒಂದಿಷ್ಟು ದುಡ್ಡಿಟ್ಟು ಕೊಡಲು ಹೋದರೆ ಮುಟ್ಟಲಿಲ್ಲ. ಸಾರ್ವಜನಿಕ ಕ್ರೀಡಾ ಕೇಂದ್ರದಲ್ಲಿ ಕಲಿಸುವವರು ಸದಸ್ಯರಿಂದ ಒಂದು ಲೋಟ ಕಾಫಿಯನ್ನೂ ತೆಗೆದುಕೊಳ್ಳುವಂತಿಲ್ಲ ಎಂದರು.

“ಅಮ್ಮಾ, ಕಡಿಮೆ ಮಾಡಿ ಅಂತ ಜಗಳ ಆಡಿದ್ದು ನೀವೇ ಅಲ್ವಾ?” ಎಂದಳು ಹೇರಿಮ್.

“ನಾನೇ. ಈಗ ಬೇಡ ಅಂತಿರೋಳೂ ನಾನೇ. ತಗೋ, ಪೂರ್ತಿ ದುಡ್ಡು.”

ಅದು ನಗರಸಭೆಯ ಆದೇಶ, ಕಂಪ್ಯೂಟರೇ ರಿಯಾಯಿತಿ ಕಳೆಯುತ್ತದೆ, ಒಂದು ವೊನ್ ಹೆಚ್ಚಿಗೆ ಹಾಕಿದರೂ ಒಪ್ಪುವುದಿಲ್ಲ ಎಂದು ಹೇರಿಮ್ ವಿವರಿಸಿದಳು.

“ಹೋಗ್ಲಿ, ವಯಸ್ಸಾದೋರ ರಿಯಾಯಿತಿನಾದ್ರೂ ತೆಗಿ.”

“ನಿಮಗೆ ಅರವತ್ತೈದು ದಾಟಿದೆಯಲ್ಲಮ್ಮಾ. ಕಂಪ್ಯೂಟರಿಗೆ ಗೊತ್ತು.”

“ಅದರ ಕಿವೀಲಿ ಹೇಳು, ನನಗಿನ್ನೂ ಐವತ್ತು ಅಂತ.”

ಸಾಲಿನಲ್ಲಿದ್ದ ಯಾರೋ ನಕ್ಕರು, ಯಾರೋ ಗೊಣಗಿದರು. ಮಾಲ್ಜಾ ಕದಲಲಿಲ್ಲ. ಒಳಗಿನಿಂದ ಮ್ಯಾನೇಜರ್ ಬಂದು, ನಿಮ್ಮ ಭಾವನೆ ಬಹಳ ದೊಡ್ಡದು, ಅದನ್ನು ನಮ್ಮ ವೆಬ್‌ಸೈಟಿನಲ್ಲಿ ಬರೆಯಿರಿ ಎಂದು ನಯವಾಗಿ ಹೇಳಿ ಒಳಗೆ ಹೋದ. ಶುಲ್ಕ ಇಳಿಸಲು ಬಂದಾಗಲೂ ಇದೇ ಮನುಷ್ಯ ಇದೇ ಮಾತು ಹೇಳಿದ್ದ. ಹಾಗಾದರೆ ನನ್ನ ಹೆಸರನ್ನೇ ಎರಡು ಸಲ ಬರೆದುಕೋ ಎಂದಳು ಮಾಲ್ಜಾ. ಒಬ್ಬರಿಗೆ ಒಂದೇ ಜಾಗ, ಅದೂ ಆಗುವುದಿಲ್ಲ ಎಂದು ಹೇರಿಮ್ ಹಣೆ ಒತ್ತಿಕೊಂಡಳು. ಬೇರೆ ಯಾರಾದರೂ ಬಂದರೆ ಸೇರಿಸಿಕೊಳ್ಳುತ್ತೇನೆ, ಕೊರೊನಾಕ್ಕೆ ಹೆದರಿ ಬಿಟ್ಟವರ ಜಾಗ ಖಾಲಿ ಇದೆ ಎಂದಳು. ಮಾಲ್ಜಾ ಅಲ್ಲೇ ನಿಂತು ತನ್ನ ಗಂಡ ಪಿಲ್‌ಹೋನ ಹೆಸರು ಕೊಟ್ಟಳು. ಅವನಿಗೂ ಎರಡೂ ರಿಯಾಯಿತಿ ಕಳೆದು ಕಂಪ್ಯೂಟರಿನ ಪರದೆಯ ಮೇಲೆ ಉಳಿದ ಮೊತ್ತ ನೋಡಿ ಅವಳಿಗೆ ಆ ಯಂತ್ರದ ತಲೆಗೊಂದು ಬಿಗಿಯಬೇಕೆನಿಸಿತು.

ಪಿಲ್‌ಹೋ ಬಸ್ಸು ಓಡಿಸಿ ನಿವೃತ್ತನಾದವನು. ನೀರೆಂದರೆ ಅವನಿಗೆ ಪ್ರಾಣಭಯ. ಸಾರ್ವಜನಿಕ ಸ್ನಾನಗೃಹಕ್ಕೆ ಹೋದರೂ ಬಿಸಿನೀರಿನ ತೊಟ್ಟಿಯ ಅಂಚಿನಲ್ಲಿ ಕೂತು ಕಾಲಷ್ಟೇ ಇಳಿಬಿಡುತ್ತಿದ್ದ. ಬರೀ ಹೆಸರಿಗೆ ಎಂದು ಹೆಂಡತಿ ಪುಸಲಾಯಿಸಿದಳು. ಆದರೆ ಹೇಳದೆ ಕೇಳದೆ ತರಗತಿ ತಪ್ಪಿಸಿದರೆ ಜಾಗ ರದ್ದು ಎಂದು ಸಂಜೆಯೇ ಮೊಬೈಲಿಗೆ ಸಂದೇಶ ಬಂತು. ಇವನೊಬ್ಬನ ಚಿಲ್ಲರೆಯಿಂದ ಮೇಷ್ಟ್ರ ಮನೆ ನಡೆಯುವುದಿಲ್ಲವೆಂದು ಮಾಲ್ಜಾಗೂ ಗೊತ್ತಿತ್ತು. ಆದರೂ ಸುಮ್ಮನೆ ಕೂರುವುದು ಅವಳ ಕೈಲಾಗದು. ಗಂಡನಿಗೆ ಚಡ್ಡಿ, ಟೋಪಿ ಕೊಂಡು ತಂದಳು. ಯಾಕೆ, ಏನು, ಯಾರಿಗಾಗಿ ಎಂದು ಅವನು ಊಟದುದ್ದಕ್ಕೂ ಕೇಳಿದ. ಅವಳು ಬೈಯುತ್ತಲೇ ಎಲ್ಲ ಹೇಳಿದಳು.

ಮರುದಿನ ಬೆಳಿಗ್ಗೆ ಪಿಲ್‌ಹೋ ಏಣಿಯ ಒಂದೊಂದೇ ಮೆಟ್ಟಿಲಿಗೆ ನಿಂತು ನಿಂತು ನೀರಿಗಿಳಿದ. ಇಳಿದವನೇ ಗ್ವಾನ್‌ಸು ಮೇಷ್ಟ್ರ ಎರಡೂ ಮುಂಗೈಗಳನ್ನು ಬಿಗಿಯಾಗಿ ಹಿಡಿದುಕೊಂಡ. ಅವರು ಹಿಮ್ಮುಖವಾಗಿ ಹೆಜ್ಜೆಯಿಡುತ್ತ ಅವನನ್ನು ನಡೆಸತೊಡಗಿದರು. ಕೊಳದ ಈ ತುದಿಯಿಂದ ಆ ತುದಿಗೆ ಹೋಗಿ ಬಂದರೂ ಅವನು ಹಿಡಿತ ಸಡಿಲಿಸಲಿಲ್ಲ. ಉಳಿದ ಹೆಂಗಸರು ಕಲಿಸುವವರಿಲ್ಲದೆ ಗೋಡೆ ಹಿಡಿದು ನಿಂತಿದ್ದರು. ಪಕ್ಕದ ಸಾಲಿನಲ್ಲಿದ್ದ ಮಾಲ್ಜಾಗೆ ಮೈಯೆಲ್ಲ ಉರಿಯಿತು. ಸಾಕು, ಮಾನ ಕಳೆಯಬೇಡಿ ಎಂದು ಗದರಿದಳು.

“ಈಗ ಕೈ ಬಿಡಿ ಸಾರ್,” ಎಂದರು ಮೇಷ್ಟ್ರು. “ಎದೆಮಟ್ಟದ ನೀರು, ಏನೂ ಆಗಲ್ಲ.”

“ಬಿಡಲ್ಲ,” ಎಂದ ಪಿಲ್‌ಹೋ. ಅವನ ತುಟಿ ನೀಲಿಗಟ್ಟಿತ್ತು. “ಬಿಟ್ರೆ ನೀವು ಹೊರಟೋಗ್ತೀರಂತೆ.”

ಮೇಷ್ಟ್ರು ಮಾಲ್ಜಾಳತ್ತ ನೋಡಿದರು. ಅವಳು ಹಣೆಯ ಮೇಲಿದ್ದ ಈಜು ಕನ್ನಡಕವನ್ನು ಕಣ್ಣಿಗೆಳೆದುಕೊಂಡು ನೀರಿನೊಳಗೆ ಮುಖ ಹಾಕಿದಳು.