ಕಾಕಾನ ಅಂಗಿಯ ಮೇಲಿನ ಚಪ್ಪಲಿ

ಅರಿಶಿನ ಪುಡಿಯನ್ನು ಬಿಸಿಲಿಗೆ ಹರವಿದಾಗಲೆಲ್ಲ, ಆ ಘಾಟಿಗೆ ದೇವಳಾಲಿ ಮಿಲಿಟರಿ ಕ್ಯಾಂಪಿನ ನಮ್ಮ ಮನೆಯ ಮಾಳಿಗೆ ನೆನಪಾಗುತ್ತದೆ.

ಅರಿಶಿನ ಬಳಿದ ಕಾಗದದ ಮೇಲೆ ಎಲೆಯಿಟ್ಟು ಬಿಸಿಲಿಗಿಟ್ಟರೆ ಸುತ್ತಲಿನ ಬಣ್ಣ ಹಾರಿ, ಎಲೆಯ ಚಿತ್ರ ಉಳಿಯುತ್ತಿತ್ತು. ರಜೆಯಿಡೀ ಮಾಡಿದ ನನ್ನ ಚಿತ್ರಗಳನ್ನೆಲ್ಲ ಅಪ್ಪನ ತಮ್ಮ, ನಮ್ಮ ಕಾಕಾ, ಒಲೆಗೆ ಹಾಕಿದರು.

“ಫೋಟೋ ಅಂತ ಫೋಟೋ! ಹೋಗಿ ರೊಟ್ಟಿ ಬಡಿ, ಪೋರಿ” ಎಂದು ನಕ್ಕರು.

ಮರುದಿನ, ನೆಂಟರ ಮದುವೆಗೆಂದು ಅವರು ತೆಗೆದಿಟ್ಟಿದ್ದ ಬಿಳಿ ಅಂಗಿಯ ಬೆನ್ನಿಗೆ ತೆಳ್ಳಗೆ ಅರಿಶಿನ ಬಳಿದೆ. ಮೇಲೆ ಅವರದೇ ಚಪ್ಪಲಿಯಿಟ್ಟು ಇಡೀ ದಿನ ಬಿಸಿಲಿಗೆ ಹಾಸಿದೆ. ಸಂಜೆಗೆ ಹಳದಿ ಚಪ್ಪಲಿ ಅಚ್ಚುಕಟ್ಟಾಗಿ ಮೂಡಿತ್ತು. ಅವ್ವ ಗಾಬರಿಯಿಂದ ಸೋಪು ತಿಕ್ಕಿದಳು. ಚಪ್ಪಲಿ ರಕ್ತಗೆಂಪಾಯಿತು.

“ಯಾರ ಕಿತಾಪತಿ ಇದು?” ಎಂದು ಕಾಕಾ ಅಬ್ಬರಿಸಿದರು.

“ನಂದ್ರೀ ಕಾಕಾ” ಎಂದೆ. “ನಾಳಿಗಿ ನಿಮ್ಮ ಧೋತರದ ಪಾಳಿರೀ.”