ಕೊನೆಯ ಪುಟದ ಪ್ರಶ್ನೆ

ಇಂಗ್ಲಿಷ್ ಶಿಕ್ಷಕರಿಗೆಂದು ಬಂದ ಸ್ವಯಂ ಕಲಿಕೆಯ ಪುಸ್ತಕ ಹೇಳಿದ್ದಿಷ್ಟೇ: ನಿಮ್ಮ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನೀವೇ ಕೇಳಿ, ಕೊನೆಯ ಪುಟದ ಪ್ರಶ್ನೆಗೆ ಉತ್ತರ ಬರೆಯಿರಿ. ಕುಮುದಾಕ್ಷಿ ಟೀಚರು ನಾಲ್ಕು ಸಲ ರೆಕಾರ್ಡ್ ಮಾಡಿ ನಾಲ್ಕನ್ನೂ ಅಳಿಸಿದ್ದರು. ಪೀರಿಯಡ್ ಪೂರ್ತಿ ಅವರದೇ ದನಿ, ಮಕ್ಕಳು ತುಟಿಪಿಟಕ್ಕೆಂದಿರಲಿಲ್ಲ.

“ಇವತ್ತೇ ಕಡೇ ದಿನ ಮೇಡಂ,” ಎಂದರು ಹೆಡ್‌ಮಾಸ್ಟರು. “ಪುಸ್ತಕ ಕಳಿಸ್ದಿದ್ರೆ ಇಂಗ್ಲಿಷ್ ಬೇರೆಯವರಿಗೆ ಕೊಡ್ತಾರಂತೆ.”

ಐದನೆಯ ಸಲ ಟೀಚರು ಮಕ್ಕಳಿಗೆ ಕೈಮುಗಿದೇಬಿಟ್ಟರು. “ನಿಮ್ಮ ದಮ್ಮಯ್ಯ, ಒಂದೇ ಒಂದು ವಾಕ್ಯ ಇಂಗ್ಲಿಷಲ್ಲಿ ಮಾತಾಡ್ರೋ!”

ಮೂವತ್ತು ತಲೆಗಳು ಬಗ್ಗಿದವು.

ಅಷ್ಟರಲ್ಲಿ ಅಡುಗೆಯ ಪುಟ್ಟಲಿಂಗಮ್ಮ ಬಾಗಿಲಲ್ಲಿ ಇಣುಕಿದಳು. “ಮೇಡಂ, ಬಿಸಿಯೂಟದ ಸಿಲಿಂಡರ್ ಬಂದೈತೆ, ಸೈನ್ ಹಾಕ್ಬನ್ನಿ.”

ರೆಕಾರ್ಡ್ ಆಗುತ್ತಿದ್ದ ಫೋನನ್ನು ಮೇಜಿನ ಮೇಲೇ ಬಿಟ್ಟು ಟೀಚರು ಓಡಿದರು.

ಸಂಜೆ ಸ್ಟಾಫ್ ರೂಮಿನಲ್ಲಿ ಅದನ್ನು ಕಿವಿಗೆ ಹಿಡಿದು ಕೂತರು. ನಡುವೆ ಹತ್ತು ನಿಮಿಷ ಯಾವಳೋ ಹುಡುಗಿ ಅವರ ದನಿಯನ್ನೇ ಅಣಕಿಸುತ್ತ ಪಾಠ ಮಾಡುತ್ತಿದ್ದಳು. ಉಳಿದವರು ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳುತ್ತ, ಇಂಗ್ಲಿಷಿನಲ್ಲೇ ಜಗಳವಾಡುತ್ತ, ಬಿದ್ದು ಬಿದ್ದು ನಗುತ್ತಿದ್ದರು.

ಕೊನೆಯ ಪುಟ ತೆರೆದರು. ‘ಮಕ್ಕಳು ಅತಿ ಹೆಚ್ಚು ಮಾತಾಡಿದಾಗ ನೀವು ಏನು ಮಾಡುತ್ತಿದ್ದಿರಿ?’

ಬರೆದರು: ‘ಸಿಲಿಂಡರಿಗೆ ಸಹಿ ಹಾಕುತ್ತಿದ್ದೆ.’