ಮೂಲೆಯ ಹಾಯಿದೋಣಿ

"ಇದು ನಮ್ಮಮ್ಮ ತಿಪಟೂರಲ್ಲಿ ದಿನಾ ಬಿಡ್ತಿದ್ದ ರಂಗೋಲಿ, ಅಕ್ಕ," ಎಂದಳು ಮಂಗಳಾಗೌರಿ, ಕೊನೆಯ ಎಳೆ ಎಳೆಯುತ್ತಾ. ವಿಶಾಖಪಟ್ಟಣದ ಕನ್ನಡ ಸಂಘದ ಸ್ಪರ್ಧೆಗೆ ತೀರ್ಪುಗಾರರಾಗಿ ಬಂದಿದ್ದ ಸುಶೀಲಮ್ಮ ಬಗ್ಗಿ ನೋಡಿ ನಕ್ಕರು. "ಹಂಗಾದ್ರೆ ನಾಲ್ಕು ಮೂಲೆಗೂ ಹಾಯಿದೋಣಿ ಯಾಕಮ್ಮ? ತಿಪಟೂರಲ್ಲಿ ಸಮುದ್ರ ಎಲ್ಲೈತೆ?"

ಮಂಗಳಾಗೌರಿಯ ಬೆರಳ ಸಂದಿಯಿಂದ ಪುಡಿ ಸುರಿಯುತ್ತಲೇ ಇತ್ತು. ಅಮ್ಮ ಸಮುದ್ರವನ್ನು ಕಾಣದೆಯೇ ತೀರಿಕೊಂಡವಳು. ಈ ದೋಣಿಗಳನ್ನು ತಾನು ನೋಡಿದ್ದು ಇಲ್ಲೇ, ನೇವಿ ಕ್ವಾರ್ಟರ್ಸಿನ ಕಿಟಕಿಯಿಂದ. ಹೆರಿಗೆಯಾದ ಮೇಲೆ ಕಾಮಾಲೆ ಬಂದು ಮಲಗಿದ್ದಾಗ, ಪಕ್ಕದ ಮನೆಯ ತೆಲುಗಿನ ಹೈಮಾವತಿ ತನ್ನ ಬಾಗಿಲಿಗೆ ಹಾಕಿದ ಮೇಲೆ ಇವಳ ಬಾಗಿಲಿಗೂ ಬಂದು ಬಿಡಿಸುತ್ತಿದ್ದ ರಂಗೋಲಿ ಇದು. ಹಾಗಾದರೆ ಅಮ್ಮನದು ಹೇಗಿತ್ತು? ನೆನೆಸಿಕೊಂಡರೆ ಒದ್ದೆ ಹೊಸ್ತಿಲು ಮಾತ್ರ ಕಣ್ಣಿಗೆ ಬಂತು, ಒಂದು ಚುಕ್ಕೆಯೂ ಬರಲಿಲ್ಲ.

ಹೈಮಾವತಿ ಹಿಂದೆಯೇ ನಿಂತಿದ್ದಳು, ಮಂಗಳಾಗೌರಿಯ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ದೋಣಿ ಮಾತ್ರ ನಾನು ಹೇಳಿದ್ದು ಅಂಡಿ," ಎಂದಳು ತನ್ನ ಅರೆಬರೆ ಕನ್ನಡದಲ್ಲಿ. "ಉಳಿದದ್ದೆಲ್ಲ ಅವರಮ್ಮಂದೇ."

ಸುಶೀಲಮ್ಮ ತಲೆದೂಗಿ ಮುಂದಿನ ರಂಗೋಲಿಗೆ ಹೋದರು. ಮಂಗಳಾಗೌರಿ ಅಲ್ಲ ಎನ್ನಲಿಲ್ಲ. ಚೆಲ್ಲಿದ ಪುಡಿಯನ್ನು ಸೆರಗಿನಿಂದ ಒರೆಸುತ್ತಾ, ತಲೆ ಎತ್ತದೆ ಕೂತೇ ಇದ್ದಳು.